ಪುಸ್ತಕದ ಮ್ಯಾಲ ಬೆಕ್ಕು ಕುಂತ್ರ ಏನ್ ಮಾಡೂದು? ಓದುಗರ ಪ್ರಶ್ನೆ, ಅಕ್ಕನ ಉತ್ತರ

ಹೋದ ತಿಂಗಳ ಈ ಅಂಕಣದ ಕಡೀಕ ಸುಮ್ನ ಒಂದ್ ಸಾಲು ಬರದಿದ್ನಿ, ನಮ್ಮನಿ ಬೆಕ್ಕು ನಾ ಓದೂ ಪುಸ್ತಕದ ಮ್ಯಾಲ ಮಲ್ಕೊಂಡು ಏಳವಲ್ದು, ಅದಕ ಉತ್ತರ ಬರಿಯೂದು ತಡಾ ಆತು ಅಂತ. ಅಷ್ಟ ಸಾಕಾತು ನೋಡ್ರಿ. ಬೆಳಗಾವಿ, ಬಾಗಲಕೋಟಿ, ವಿಜಾಪುರ ಮೂರೂ ಕಡಿಂದ ಬಂದಿದ್ದು ಬರೇ ನಾಯಿ, ಬೆಕ್ಕು, ಪುಸ್ತಕದ ಪತ್ರಗೋಳು. ಹಂಗಾಗಿ ಈ ಸಲದ ಅಂಕಣ ಅವಕ್ಕ ಮೀಸಲು. ಮೊದ್ಲ ಒಂದ್ ಮಾತು ಹೇಳಿಬಿಡ್ತೀನಿ, ನಾ ದನದ ಡಾಕ್ಟರ್ ಅಲ್ಲ. ನಲವತ್ತು ವರ್ಷ ಪುಸ್ತಕದ ಧೂಳಾ, ಸೀರಿ ಮ್ಯಾಲಿನ ಕೂದಲಾ ಎರಡೂ ಜಾಡಿಸ್ಕೋಂತ ಬಂದಾಕಿ, ಅಷ್ಟ.

ಪ್ರಶ್ನೆ: ಅಕ್ಕಾ, ಬೆಳಗ್ಗೆ ಪೇಪರ್ ಬಿಚ್ಚಿದ ಕೂಡ್ಲೇ ನಮ್ಮ ಬೆಕ್ಕು ಬಂದು ಅದರ ಮೇಲೇ ಕೂರುತ್ತೆ. ಪಕ್ಕದಲ್ಲೇ ದಪ್ಪ ಗಾದಿ ಹಾಕಿದ್ರೂ ಅಲ್ಲಿ ಹೋಗಲ್ಲ. ರಾತ್ರಿ ಕಾದಂಬರಿ ಹಿಡಿದ್ರೂ ಅದೇ ಕಥೆ. ಬೆಕ್ಕಿಗೆ ಓದೋರನ್ನ ಕಂಡ್ರೆ ಸಿಟ್ಟಾ?
– ಬೆಳಗಾವಿಯ ಟಿಳಕವಾಡಿಯಿಂದ ಒಬ್ಬ ಬ್ಯಾಂಕ್ ಉದ್ಯೋಗಿ

ಉತ್ತರ: ಸಿಟ್ಟಲ್ಲ ತಮ್ಮಾ, ಲೆಕ್ಕಾಚಾರ ಅದು. ಬೆಕ್ಕಿನ ಮೈ ಬಿಸಿ ಸಾಮಾನ್ಯವಾಗಿ 38 ಡಿಗ್ರಿ ಸೆಲ್ಸಿಯಸ್ ಮ್ಯಾಲೇ ಇರತೈತಿ, ನಮ್ಮಕಿಂತ ಜಾಸ್ತಿ, ಅದಕ ಅದು ಯಾವಾಗ್ಲೂ ಬೆಚ್ಚನ ಜಾಗಾ ಹುಡುಕ್ತಿರತೈತಿ. ನಿಮ್ಮ ಬೆಳಗಾವಿ ಚಳಿಯೊಳಗ ಶಹಾಬಾದಿ ಫರಸಿ ಹೆಂಗ್ ಕೊರೀತಾವ ಅಂತ ನಿಮಗ ಗೊತ್ತೈತಿ, ಕಾಗದಾ ಆ ತಂಪು ತಡೀತೈತಿ. ಆದ್ರ ಗಾದಿ ಬಿಟ್ಟು ಪೇಪರೇ ಯಾಕ ಅಂದ್ರ ಅದಕ ಇನ್ನೊಂದು ಕಾರಣ ಐತಿ, ನಿಮ್ಮ ಮಾರಿ ಎಲ್ಲಿ ತಿರುಗೇತಿ ಅಲ್ಲಿ ಹೋಗಿ ಕುಂತ್ರ ನೀವು ಮಾತಾಡಿಸ್ತೀರಿ, ಬೈತೀರಿ, ಎತ್ತಿ ಇಡ್ತೀರಿ, ಮೂರೂ ಅದಕ ಲಾಭಾನ. ಗಾದಿ ಮ್ಯಾಲ ಕುಂತ್ರ ಯಾರ್ ಕೇಳ್ತಾರ?

ನಮ್ಮನಿ ಬೆಕ್ಕು ಚಿಕ್ಕಿ ಮೊದ್ಲ ಪುಸ್ತಕದ ಮೂಲಿಗೆ ಗಲ್ಲಾ ತಿಕ್ಕತಾಳ. ಗಲ್ಲದಾಗ ವಾಸನಿ ಗ್ರಂಥಿ ಇರತಾವ, "ಇದು ನಂದು" ಅಂತ ಸಹಿ ಹಾಕಿದಂಗ ಅದು. ಆಮ್ಯಾಲ ಎಡಗೈ ಕೆಳಗ ನುಗ್ಗಿ, ಎರಡು ಸುತ್ತು ಹಾಕಿ, ಸರಿಯಾಗಿ ನಾ ಓದೂ ಸಾಲಿನ ಮ್ಯಾಲ ಹೊಟ್ಟಿ ಇಟ್ಟು ಮಲಗತಾಳ. ಬಾಲ ಮಾತ್ರ ಎದುರಿನ ಪುಟದ ಮ್ಯಾಲ ಗಡಿಯಾರದ ಲೋಲಕದಂಗ ಆಡ್ತಿರತೈತಿ. ನಮ್ಮನಿ ಪುಸ್ತಕದಾಗ ನಾ ಎಷ್ಟನೇ ಪುಟದಾಗ ಓದು ನಿಲ್ಸೀನಿ ಅಂತ ಹುಡುಕಾಕ ಗುರುತಿನ ಚೀಟಿ ಬೇಕಿಲ್ಲ, ಬಿಳಿ ಕೂದಲ ಇರತೈತಿ.

ಉಪಾಯ ಹೇಳಲೇನು? ಎರಡು ಪೇಪರ್ ತರಸ್ರಿ. ಹಿಂದಿನ ದಿನದ ಪೇಪರ್ ಬಿಚ್ಚಿ ಮುಂದ ಹಾಸಿ ಅದನ್ನ ಗಂಭೀರಾಗಿ ನೋಡ್ಕೋಂತ ಕುಂದರ್ರಿ, ಬೆಕ್ಕು ಬಂದು ಕುಂತಿಂದ ಇವತ್ತಿಂದು ತಗೀರಿ. ಹತ್ತರಾಗ ಆರು ಸಲಾ ನಡೀತೈತಿ. ಉಳಿದ ನಾಕು ಸಲಾ ಸೋತ್ ಬಿಡ್ರಿ.

ಪ್ರಶ್ನೆ: ಅಕ್ಕಾರ, ನಾ ಡಿಗ್ರಿ ಓದಾಕತ್ತೀನಿ. ನಮ್ಮ ಕಾಕಾ ಮುಧೋಳದಿಂದ ಬ್ಯಾಟಿ ನಾಯಿ ಮರಿ ತಂದಾರ, ನಾಕು ತಿಂಗಳದ್ದು. ಲೈಬ್ರರಿಯಿಂದ ತಂದ ದಪ್ಪ ಪುಸ್ತಕದ ಬೆನ್ನು ಪೂರಾ ಕಡದ್ ಹಾಕೇತಿ, ಒಳಗಿನ ಪುಟಾನೂ ಹೋಗ್ಯಾವ. ಹೋಗಿ ಏನ್ ಹೇಳ್ಲಿ? ಕಳದೈತಿ ಅಂದ್ರ ನಡೀತೈತೇನು?
– ಜಮಖಂಡಿಯಿಂದ ಒಬ್ಬ ವಿದ್ಯಾರ್ಥಿ

ಉತ್ತರ: ಕಳದೈತಿ ಅನಬ್ಯಾಡ ತಮ್ಮಾ. ಕಡದ ಪುಸ್ತಕಾನ ಚೀಲದಾಗ ಹಾಕ್ಕೊಂಡ್ ಹೋಗು, ಟೇಬಲ್ ಮ್ಯಾಲ ಇಡು. ಅದ ಪುಸ್ತಕದ ಹೊಸ ಪ್ರತಿ ತಂದ್ ಕೊಡು ಇಲ್ಲಾ ರೊಕ್ಕಾ ಕಟ್ಟು ಅಂತಾರ, ಒಂದೊಂದು ಲೈಬ್ರರಿದು ಒಂದೊಂದು ರೂಲ್. ನಾನೂ ಇದನ್ನ ಅನುಭವಿಸೀನಿ. ನಮ್ಮ ಮನ್ಯಾಗ ಸೋನ್ಯಾ ಅಂತ ಒಂದ್ ಕೆಂಪು ನಾಯಿ ಇತ್ತು, ಅದು ಹಿಂಗ ಒಂದು ಲೈಬ್ರರಿ ಪುಸ್ತಕ ಕಡೀತು. ದಂಡಾ ಕಟ್ಟಿದ್ನಿ, ಅಲ್ಲಿನ ಗುಮಾಸ್ತರು ರಿಜಿಸ್ಟರಿನ್ಯಾಗ ಗೀಟು ಹೊಡದು ಆ ಹರಕು ಪುಸ್ತಕ ನನಗ ಕೊಟ್ರು. ನಾ ಶಾಣ್ಯಾಕಿ, ಮೈದಾ ಕುದಿಸಿ ಅಂಟು ಮಾಡಿ ರಟ್ಟು ಹಚ್ಚಿ ಚಂದಂಗ ಬೈಂಡ್ ಮಾಡಿ ಬಿಸಲಿಗೆ ಇಟ್ನಿ. ಒಳಗ ಹೋಗಿ ಚಾ ಕುಡದು ಬರೂದ್ರಾಗ ಸೋನ್ಯಾ ಅದನ್ನ ಮತ್ತ ಕಡದಿದ್ದ.

ತಪ್ಪು ಅವಂದಲ್ಲ, ಮೈದಾದ್ದು. ಹಿಟ್ಟಿನ ಅಂಟು ನಾಯಿಗೆ ತಿನ್ನೂ ಪದಾರ್ಥನ. ಅದಕ ನಾಯಿ ಮೊದ್ಲ ಪುಟಾ ಬಿಟ್ಟು ಬೆನ್ನಿಗೇ ಬಾಯಿ ಹಾಕೂದು. ಇಲ್ಲೊಂದು ಹುಷಾರಿನ ಮಾತು ಐತಿ: ಹುಳಾ ಹತ್ತಬಾರ್ದು ಅಂತ ಬೈಂಡಿಂಗ್ ಮಾಡೋರು ಆ ಅಂಟಿನ್ಯಾಗ ಮೈಲುತುತ್ತ ಹಾಕ್ತಾರ, ದ್ರಾಕ್ಷಿ ಗಿಡಕ್ಕ ಸುಣ್ಣದ ಕೂಡ ಕಲಿಸಿ ಹೊಡೀತಾರಲ್ಲ, ಅದ. ಅದು ಹೊಟ್ಟಿಗೆ ಹೋದ್ರ ನಾಯಿ ವಾಂತಿ ಮಾಡ್ಕೊತೈತಿ, ಜಾಸ್ತಿ ಹೋದ್ರ ಜೀವಕ್ಕೂ ಕುತ್ತು. ಬೈಂಡ್ ಮಾಡಿಸಿದ ಹಳೇ ಪುಸ್ತಕ ನೆಲದ ಮ್ಯಾಲ ಬಿಡಬ್ಯಾಡ.

ಇನ್ನ ನಾಕು ತಿಂಗಳಂದ್ರ ಹಲ್ಲು ಬದಲಾಗೂ ಹೊತ್ತು. ಮರಿಗೆ 28 ಹಾಲಹಲ್ಲು ಇರತಾವ, ಅವು ಬಿದ್ದು 42 ಹೊಸಾವು ಬರಬೇಕು, ಆರೇಳು ತಿಂಗಳ ತುಂಬೂತನಕ ವಸಡಿಗೆ ಕಡತಾ ಇರತೈತಿ. ಗಟ್ಟಿ ರಬ್ಬರ್ ಗೊಂಬಿ ಕೊಡು, ಇಲ್ಲಾ ಹಳೇ ಟಾವೆಲ್ ತೊಯ್ಸಿ ಗಂಟ್ ಹಾಕಿ ಫ್ರೀಜರಿನ್ಯಾಗ ಇಟ್ಟು ಕೊಡು. ಹೊಡೀಬ್ಯಾಡ. ಬ್ಯಾಟಿ ನಾಯಿ ಮಾನದ ನಾಯಿ, ಹೊಡದದ್ದು ಮರಿಯೂದಿಲ್ಲ.

ಮತ್ತ ಅದು ಕುಂದರೂ ನಾಯಿ ಅಲ್ಲ, ಓಡೂ ನಾಯಿ. ಮುಧೋಳದ ರಾಜಾ ಮಾಲೋಜಿರಾವ್ ಘೋರ್ಪಡೆ ಅವರು ಈ ತಳಿ ಉಳಿಸಿ ಬೆಳಸಿದ್ರು, ಇಂಗ್ಲೆಂಡಿನ ಐದನೇ ಜಾರ್ಜ್ ದೊರಿಗೆ ಒಂದು ಜೋಡಿ ಕಾಣಿಕಿ ಕೊಟ್ಟಿದ್ರು ಅಂತ ಹೇಳ್ತಾರ. 2005ರಾಗ ಅಂಚೆ ಇಲಾಖಿ ಇದರ ಚಿತ್ರದ ಸ್ಟಾಂಪ್ ತಂತು, ನನ್ನ ಹಂತ್ಯಾಕ ಈಗೂ ಒಂದೈತಿ. ತಿಮ್ಮಾಪುರದಾಗ ಈ ನಾಯಿ ಸಲುವಾಗಿನ ಸರಕಾರಿ ಸಂಶೋಧನಾ ಕೇಂದ್ರ ಐತಿ, ಏನಾರ ಕೇಳೂದಿದ್ರ ನಿನಗ ದೂರೇನಲ್ಲ. ನಸಿಕಿನ್ಯಾಗ ಎದ್ದು ಹೊಲದ ದಾರಿ ಹಿಡದು ಅದನ್ನ ದಣಿಸ್ಕೊಂಡ್ ಬಾ, ಆಮ್ಯಾಲ ನೀ ಓದಾಕ ಕುಂದ್ರು, ಅದು ನಿನ್ನ ಕಾಲಾಗ ಸತ್ತಂಗ ಮಲಗತೈತಿ. ರನ್ನ ಕವಿ ಹುಟ್ಟಿದ ಊರಿನ ನಾಯಿ ಅದು, ಸಾಹಿತ್ಯದ ಮ್ಯಾಲ ಹಲ್ಲು ಊರೂ ಹಕ್ಕು ಅದಕ ಸ್ವಲ್ಪ ಐತಿ ಅಂತ ತಿಳ್ಕೊ.

ಪ್ರಶ್ನೆ: ನಾನು ಓದೋವಾಗ ಬಟ್ಟಲದಲ್ಲಿ ಒಣದ್ರಾಕ್ಷಿ ಇಟ್ಕೊಂಡು ತಿಂತಿರ್ತೀನಿ, ನಮ್ಮ ತೋಟದ್ದೇ. ನಾಯಿ ಬಾಯಿ ನೋಡ್ತಾ ಕೂರುತ್ತೆ ಅಂತ ಎರಡೆರಡು ಅದಕ್ಕೂ ಹಾಕ್ತೀನಿ. ಸಕ್ಕರೆ ಜಾಸ್ತಿ ಆಗಲ್ಲ ತಾನೆ?
– ತಿಕೋಟಾದಿಂದ ಒಬ್ಬ ಶಿಕ್ಷಕಿ

ಉತ್ತರ: ಟೀಚರ್, ಇವತ್ತಿಂದ ಬಂದ್ ಮಾಡ್ರಿ. ಸಕ್ರಿ ಪ್ರಶ್ನಿ ಅಲ್ರಿ ಇದು. ದ್ರಾಕ್ಷಿ ಮತ್ತ ಒಣದ್ರಾಕ್ಷಿ ನಾಯಿ ಕಿಡ್ನಿಗೆ ವಿಷ. ಒಂದು ನಾಯಿ ಒಂದ್ ಮುಷ್ಟಿ ತಿಂದು ಆರಾಮ ಇರಬಹುದು, ಇನ್ನೊಂದಕ್ಕ ನಾಲ್ಕು ಕಾಳು ಸಾಕು, ಇಷ್ಟು ಕೊಟ್ರ ನಡೀತೈತಿ ಅನ್ನೂ ಲೆಕ್ಕಾ ಇಲ್ಲ. ದ್ರಾಕ್ಷಿಯೊಳಗಿನ ಟಾರ್ಟಾರಿಕ್ ಆಸಿಡ್ ಇದಕ ಕಾರಣ ಇರಬೇಕು ಅಂತ ಇತ್ತಿತ್ಲಾಗ ಡಾಕ್ಟರುಗೋಳು ಹೇಳಾಕತ್ತಾರ, ಅದ ಆಸಿಡ್ ಹುಣಸಿಹಣ್ಣಿನ್ಯಾಗೂ ಐತಿ, ಹಂಗಾಗಿ ಅದನ್ನೂ ದೂರ ಇಡ್ರಿ. ತಿಂದ್ ಒಂದು ದಿನದೊಳಗ ವಾಂತಿ, ಮಂಕು, ಊಟಾ ಬಿಡೂದು, ಆಮ್ಯಾಲ ಉಚ್ಚಿ ಕಡಿಮಿ ಆಗೂದು ಕಂಡ್ರ ದವಾಖಾನಿಗೆ ಓಡಬೇಕು. ತಿಂದದ್ದು ಗೊತ್ತಾತು ಅಂದ್ರ ಇವೆಲ್ಲಾ ಕಾಣೂತನಕ ಕಾಯಬ್ಯಾಡ್ರಿ. ವಿಜಾಪುರ ಕಡೆ ಮನಿಮನಿಗೂ ಡಬ್ಬಿಗಟ್ಟಲೆ ಮನೂಕ ಇರತಾವ, ಶೆಡ್ಡಿನ್ಯಾಗ ಒಣಗಾಕ ಹಾಕಿದ್ದೂ ಇರತೈತಿ, ಅದಕ ಈ ಉತ್ತರ ನಿಮ್ಮೊಬ್ಬರಿಗೆ ಅಲ್ಲ, ಎಲ್ಲರಿಗೂ. ಚಾಕಲೇಟು, ಉಳ್ಳಾಗಡ್ಡಿ, ಬಳ್ಳೊಳ್ಳಿನೂ ಬ್ಯಾಡ. ಓದೂ ಹೊತ್ತಿನ್ಯಾಗ ಏನಾರ ಕೊಡಬೇಕು ಅನಸಿದ್ರ ಒಣಾ ಜೋಳದ ರೊಟ್ಟಿ ತುಂಡು ಹಾಕ್ರಿ, ಕಟುಂ ಕಟುಂ ಅಂತ ತಿಂತೈತಿ, ನಿಮಗೂ ಜೊತಿ ಆದಂಗ ಆತು.

ಪ್ರಶ್ನೆ: ಮಳೆಗಾಲ ಬಂತೆಂದರೆ ನಮ್ಮ ಪುಸ್ತಕಗಳಿಗೆ ಬೂಷ್ಟು, ಹುಳ ಎರಡೂ. ಕಪಾಟಿಗೆ ಡಾಂಬರ್ ಗುಳಿಗೆ ಹಾಕಿದ್ದೆ, ಆದರೆ ನಮ್ಮ ಬೆಕ್ಕು ಆ ಕಪಾಟಿನ ಕೆಳಗಿನ ಖಾನೆಯಲ್ಲೇ ಮಲಗುತ್ತದೆ. ಏನಾದರೂ ತೊಂದರೆಯೇ?
– ಖಾನಾಪುರದಿಂದ ಒಬ್ಬ ಗೃಹಿಣಿ

ಉತ್ತರ: ತೊಂದ್ರಿ ಐತ್ರಿ ಅಕ್ಕಾರ. ಆ ಬಿಳೀ ಗುಳಿಗಿ ನ್ಯಾಫ್ತಲೀನಿಂದು ಇದ್ರ ಬೆಕ್ಕಿನ ರಕ್ತದ ಕಣಾ ಒಡೀತಾವ, ನುಂಗಿದ್ರಂತೂ ಒಂದ ಗುಳಿಗಿ ಸಾಕು. ಬಾಗಿಲಾ ಹಾಕಿದ ಕಪಾಟಿನ್ಯಾಗ ಆ ವಾಸನಿ ತಗೋಂತ ಮಲಗೂದೂ ಬರೋಬ್ಬರಿ ಅಲ್ಲ. ತಗದು ಹೊರಗ ಹಾಕ್ರಿ. ಅದರ ಬದ್ಲಿ ಕರ್ಪೂರ ಅಂತೀರೇನೋ, ಅದೂ ಬ್ಯಾಡ.

ಖಾನಾಪುರದ ಮಳಿಗೆ ಗುಳಿಗಿ ಏನ್ ಮಾಡೀತು ಹೇಳ್ರಿ. ಬೂಷ್ಟಿಗೆ ಬೇಕಾದದ್ದು ಹಸಿ ಗಾಳಿ. ಗ್ವಾಡಿಗೆ ಕಪಾಟು ಅಂಟಿಸಿ ಇಡಬ್ಯಾಡ್ರಿ, ನಾಕು ಬಟ್ಟು ಬಿಟ್ಟು ನಿಲ್ಸ್ರಿ, ಪುಸ್ತಕಾ ತುರುಕಬ್ಯಾಡ್ರಿ, ಬಿಸಲು ಬಿದ್ದ ದಿನಾ ಬಾಗಿಲಾ ತಗದ್ ಬಿಡ್ರಿ. ಪುಸ್ತಕಾನ ನೇರ ಬಿಸಲಾಗ ಇಟ್ರ ಕಾಗದಾ ಹಳದಿ ಆಗಿ ಮುರೀತೈತಿ, ನೆಳ್ಳಾಗ ಗಾಳಿಗೆ ಇಡ್ರಿ. ಬೆಳ್ಳಗ ಮೀನಿನಂಗ ಸರ್ರ್ ಅಂತ ಓಡತಾವಲ್ಲ ಸಿಲ್ವರ್‌ಫಿಶ್, ಅವಕ್ಕೂ ಹಸಿ ಮತ್ತ ಅದ ಹಿಟ್ಟಿನ ಅಂಟು ಬೇಕು. ಹುಳಾ ಹತ್ತಿದ ಪುಸ್ತಕಾನ ಗಾಳಿ ಹೋಗದಂಗ ಪ್ಲಾಸ್ಟಿಕ್ ಚೀಲದಾಗ ಸುತ್ತಿ ಡೀಪ್ ಫ್ರೀಜರಿನ್ಯಾಗ ಎರಡು ವಾರ ಇಡ್ರಿ, ಹುಳಾ ಸಾಯ್ತಾವ. ಹೊರಗ ತಗದ ಮ್ಯಾಲ ಚೀಲಾ ಒಂದು ದಿನಾ ಬಿಚ್ಚಬ್ಯಾಡ್ರಿ, ಇಲ್ಲಾಂದ್ರ ಕಾಗದದ ಮ್ಯಾಲ ನೀರು ಕೂಡತೈತಿ. ಇದನ್ನ ನಾ ಮಾಡಿದಾಗ ನಮ್ಮ ಮನಿಯವರು ಐಸ್‌ಕ್ರೀಂ ಅಂತ ಚೀಲಾ ತಗದು ನೋಡಿ ನಿಘಂಟು ಕಂಡು ಸುಮ್ನ ಮತ್ತ ಒಳಗ ಇಟ್ಟಿದ್ರು, ಒಂದ್ ಮಾತೂ ಕೇಳಲಿಲ್ಲ. ಅವ್ವಗೋಳು ಹಾಕ್ತಿದ್ದ ಒಣಾ ಬೇವಿನ ಎಲಿ ಹಾಕ್ರಿ ಬೇಕಾದ್ರ, ಬೂಷ್ಟು ಹೋಗೂದಿಲ್ಲ, ಹುಳಾ ಸ್ವಲ್ಪ ದೂರ ಇರತಾವ.

ಪ್ರಶ್ನೆ: ನಾಯಿ ಒಳ್ಳೇದೋ ಬೆಕ್ಕು ಒಳ್ಳೇದೋ, ಓದೋರಿಗೆ?
– ಗೋಕಾಕ

ಉತ್ತರ: ಸಣ್ಣ ಕತಿ ಓದೋರಿಗೆ ನಾಯಿ, ನಡುವ ಎಬ್ಬಸತೈತಿ. ದಪ್ಪ ಕಾದಂಬರಿಗೆ ಬೆಕ್ಕು, ಏಳಾಕ ಬಿಡೂದಿಲ್ಲ.

ಪ್ರಶ್ನೆ: ಅಕ್ಕಾ, ನನ್ನ ಮಗ ಮೂರನೇತ್ತ. ಸಾಲ್ಯಾಗ ಎದ್ದು ಓದು ಅಂದ್ರ ಬಾಯೇ ಬಿಡೂದಿಲ್ಲ, ಒತ್ತಕ್ಷರ ಬಂದ್ರ ನಿಂತಬಿಡ್ತಾನ, ಹುಡುಗ್ರು ನಗತಾರ. ಆದ್ರ ದಿನಾ ಸಂಜಿಕ ಕಟ್ಟಿ ಮ್ಯಾಲ ಕುಂತು ಓಣಿ ನಾಯಿಗೆ ಪಾಠದ ಪುಸ್ತಕ ಜೋರಾಗಿ ಓದಿ ಹೇಳ್ತಾನ! ಅತ್ತಿ ಅಂತಾರ ಹುಡುಗಗ ಏನೋ ಆಗೇತಿ ಅಂತ. ಬಿಡಸಬೇಕೇನು?
– ಇಳಕಲ್ಲಿನಿಂದ ಒಬ್ಬ ತಾಯಿ

ಉತ್ತರ: ಬಿಡಸಬ್ಯಾಡವ್ವಾ ತಂಗಿ, ಕೈ ಮುಗೀತೀನಿ. ನಿಮ್ಮ ಹುಡುಗ ತಾನ ಕಂಡ್ಕೊಂಡದ್ದನ್ನ ಅಮೆರಿಕಾದಾಗ ದೊಡ್ಡ ಯೋಜನಿ ಮಾಡ್ಕೊಂಡ್ ಕುಂತಾರ. 1999ರಾಗ ಸಾಲ್ಟ್ ಲೇಕ್ ಸಿಟಿ ಅನ್ನೂ ಊರಾಗ ಲೈಬ್ರರಿಗೆ ಪಳಗಿದ ನಾಯಿ ಕರ್ಕೊಂಡ್ ಬಂದು ಓದಾಕ ಅಂಜೂ ಮಕ್ಕಳನ್ನ ಅವುರ ಬಾಜೂಕ ಕುಂದ್ರಸಿ ಓದ್ಸಾಕ ಚಾಲೂ ಮಾಡಿದ್ರು, ಈಗ ಬ್ಯಾರೆ ಬ್ಯಾರೆ ದೇಶದಾಗೂ ನಡೀತೈತಿ. ಗುಟ್ಟು ಇಷ್ಟ, ನಾಯಿ ತಿದ್ದೂದಿಲ್ಲ, ನಗೂದಿಲ್ಲ, "ಲಗೂನ ಓದು" ಅನ್ನೂದಿಲ್ಲ. "ಸ್ವಾತಂತ್ರ್ಯ" ಅನ್ನಾಕ ನಿಮ್ಮ ಮಗಗ ಮೂರು ಸಲಾ ಬೇಕಾದ್ರ ಮೂರೂ ಸಲಾ ಕಿವಿ ಅಲ್ಲಾಡಸತೈತಿ.

ನಮ್ಮೂರಾಗ ಶ್ರಾವಣಕ್ಕ ಗುಡಿಯೊಳಗ ಪುರಾಣ ಹಚ್ಚತಿದ್ರು. ಒಂದು ಕುಂಟ ನಾಯಿ ತಿಂಗಳಗಟ್ಟಲೆ ದಿನಾ ಬಂದು ಮೈಕಿನ ಕಂಬದ ಬುಡಕ ಮಲಗತಿತ್ತು, ಮಂಗಳಾರತಿ ಆಗಿ ಪ್ರಸಾದ ತಿಂದು ಎದ್ದು ಹೋಗೂದು. ಮುಂದಿನ ಸಾಲಿನ್ಯಾಗ ಕುಂತು ತೂಕಡ್ಸೂ ಹಿರ್ಯಾರಿಗೆ ನಮ್ಮಜ್ಜಿ ಅಂತಿದ್ಲು, ನಿಮ್ಮಕಿಂತ ಆ ಕುಂಟ್ಯಾನ ಜಾಸ್ತಿ ಕೇಳ್ಯಾನ ತಗೀರಿ ಅಂತ.

ನೀವು ಮಾಡಬೇಕಾದದ್ದು ಅಂದ್ರ ಅಡಗಿ ಮನ್ಯಾಗಿಂದ ತಪ್ಪು ತಿದ್ದದ ಇರೂದು. ಕಿವಿ ಕೊಡ್ರಿ, ಬಾಯಿ ಬ್ಯಾಡ. ಸ್ವಲ್ಪ ದಿನಾ ಆದ ಮ್ಯಾಲ ಸುಮ್ನ ಹೋಗಿ ಉಳ್ಳಾಗಡ್ಡಿ ಹೆಚ್ಕೋಂತ ಅದ ಕಟ್ಟಿ ಮ್ಯಾಲ ಕುಂದರ್ರಿ, ನೀವೂ ಆ ನಾಯಿ ಹಂಗ ಕೇಳ್ರಿ. ಉಳ್ಳಾಗಡ್ಡಿ ಸಿಪ್ಪಿ ಮಾತ್ರ ನಾಯಿಗೆ ಎಟುಕಬಾರ್ದು, ಮ್ಯಾಲೇ ಹೇಳೀನಿ. ಮತ್ತ ಓಣಿ ನಾಯಿ ಅಂದ್ರಿ, ಅದಕ ರೇಬೀಸ್ ಲಸಿಕಿ ಆಗೇತೋ ಇಲ್ಲೋ ನೋಡಿ ಹಾಕಸ್ರಿ. ಆಟದಾಗ ಹಲ್ಲು ಉಗುರು ತಾಗಿದ್ರೂ ಹರಿಯೂ ನೀರಾಗ ಸಾಬಾಣ ಹಚ್ಚಿ 15 ನಿಮಿಷ ತೊಳದು ಅವತ್ತ ದವಾಖಾನಿಗೆ ಹೋಗ್ರಿ. ಅಷ್ಟು ಆತಂದ್ರ ಅತ್ತಿಯವರಿಗೆ ಹೇಳ್ರಿ, ಹುಡುಗಗ ಏನೂ ಆಗಿಲ್ಲ, ಒಬ್ಬ ಮಾಸ್ತರ ಸಿಕ್ಕಾನ ಅಂತ.

ಪ್ರಶ್ನೆ: ನಮಗೆ ವಿಜಯಪುರದಿಂದ ಬೆಳಗಾವಿಗೆ ಟ್ರಾನ್ಸ್‌ಫರ್ ಆಗಿದೆ. ಸಾಮಾನಿನ ಚಿಂತೆ ಇಲ್ಲ, ಐದು ನೂರು ಪುಸ್ತಕ ಮತ್ತು ಒಂದು ಬೆಕ್ಕಿನ ಚಿಂತೆ.
– ವಿಜಯಪುರದಿಂದ ಒಬ್ಬ ನೌಕರರು

ಉತ್ತರ: ಪುಸ್ತಕದ್ದು ಸರಳ. ದೊಡ್ಡ ಡಬ್ಬಿ ಬ್ಯಾಡ, ಹಮಾಲರ ನಡಾ ಮುರೀತೈತಿ, ಕಿರಾಣಿ ಅಂಗಡ್ಯಾಗಿನ ಸಣ್ಣ ರಟ್ಟಿನ ಡಬ್ಬಿ ತುಂಬ್ರಿ, ಪುಸ್ತಕಾ ಅಡ್ಡಾ ಮಲಗಸ್ರಿ, ಮುಗೀತು.

ಬೆಕ್ಕಿಂದು ಸರಳಲ್ಲ. ಆಲಮಟ್ಟಿ ಹಿನ್ನೀರಿನ ಸಲುವಾಗಿ ಹಳೇ ಬಾಗಲಕೋಟಿಯೊಳಗ ನಮ್ಮ ಓಣಿ ಖಾಲಿ ಮಾಡಿಸಿದಾಗ ನಾವು ನವನಗರಕ್ಕ ಬಂದ್ವಿ. ಪುಸ್ತಕಾ ಗೋಣಿಚೀಲದಾಗ, ಬೆಕ್ಕು ಬುಟ್ಟಿಯೊಳಗ. ಆಗ ಇದ್ದದ್ದು ಚಿಕ್ಕಿ ಅಲ್ಲ, ಮುದಿ ಕರೆವ್ವ. ಹೊಸಾ ಮನ್ಯಾಗ ಬುಟ್ಟಿ ಬಾಯಿ ಬಿಚ್ಚಿದ್ವಿ, ಕರೆವ್ವ ಹೊರಗ ಬಂದು ನಾಕೂ ಗ್ವಾಡಿ ಮೂಸಿದ್ಲು, ರಾತ್ರಿ ಇದ್ಲು, ನಸಿಕಿನ್ಯಾಗ ಇಲ್ಲ. ಹುಡುಕಿದ್ವಿ, ಸೆಕ್ಟರ್ ತುಂಬ ಎಲ್ಲಾ ಮನಿ ಒಂದ ನಮೂನಿ, ನಮಗ ದಾರಿ ತಪ್ಪತಿತ್ತು ಇನ್ನ ಅದಕ? ಹದಿನೈದು ದಿನದ ಮ್ಯಾಲ ನಮ್ಮಪ್ಪ ಬಾಗಿಲಾ ಚೌಕಟ್ಟು ಕಿತ್ಕೊಂಡ್ ಬರಾಕ ಹಳೇ ಊರಿಗೆ ಹೋದಾಗ, ಮ್ಯಾಳಗಿ ಇಲ್ಲದ ಮನ್ಯಾಗ, ಅಡಗಿ ಒಲಿ ಇದ್ದ ಜಾಗಾದಾಗ ಕರೆವ್ವ ಕುಂತಿದ್ಲಂತ. ಸೊರಗಿದ್ಲು, ಆದ್ರ ಅಪ್ಪನ್ನ ನೋಡಿ ಓಡಿ ಬರಲಿಲ್ಲಂತ. ತಡಾ ಮಾಡಿದ್ರಿ ಅನ್ನೂವಂಗ ನೋಡಿದ್ಲಂತ.

ಬೆಕ್ಕಿಗೆ ಮನಿ ಅಂದ್ರ ಮಂದಿ ಮಾತ್ರ ಅಲ್ಲ, ಜಾಗಾದ ವಾಸನಿ. ನಾವು ಮಾಡಿದ ತಪ್ಪು ನೀವು ಮಾಡಬ್ಯಾಡ್ರಿ. ಬೆಳಗಾವಿಗೆ ಹೋದಿಂದ ಎರಡು ಮೂರು ವಾರ ಹೊರಗ ಬಿಡಬ್ಯಾಡ್ರಿ, ಮೊದ್ಲ ಒಂದ ಖೋಲಿಯೊಳಗ ಇಡ್ರಿ. ಅದು ಮಲಗೂ ಹಳೇ ಕೌದಿ ಒಗೀದನ ತಗೊಂಡ್ ಹೋಗ್ರಿ, ಅದ ಖೋಲಿಯೊಳಗ ಪುಸ್ತಕದ ಡಬ್ಬಿ ಇಡ್ರಿ. ವಿಜಾಪುರದ ಮನಿ ವಾಸನಿ ಆ ಪುಸ್ತಕದಾಗ ಇನ್ನ ಇರತೈತಿ. ಡಬ್ಬಿ ಬಿಚ್ಚೂ ಅವಸರಾ ಮಾಡಬ್ಯಾಡ್ರಿ, ಅಷ್ಟು ದಿನಾ ಅದಕ ಅದ ಊರು.

ಪ್ರಶ್ನೆ: ತಂಗೀ, ನಾನು ನಿವೃತ್ತ ಮಾಸ್ತರ, 78 ವಯಸ್ಸು. ಮನೆಯವರು ತೀರಿಕೊಂಡ ಮೇಲೆ ನಾನು, ಪೀಟ್ಯಾ ಎಂಬ ನಾಯಿ, ಮತ್ತು ಒಂಬತ್ತು ನೂರು ಪುಸ್ತಕ. ಮಗ ಪುಣೆಯಲ್ಲಿದ್ದಾನೆ, ಒಳ್ಳೆಯವನೇ. "ಅಪ್ಪಾ, ಫ್ಲ್ಯಾಟಿನಲ್ಲಿ ಎರಡಕ್ಕೂ ಜಾಗ ಇಲ್ಲ" ಎನ್ನುತ್ತಾನೆ. ನನ್ನ ನಂತರ ಪುಸ್ತಕ ರದ್ದಿಗೆ ಹೋಗುತ್ತವೆ, ನಾಯಿ ಬೀದಿಗೆ. ರಾತ್ರಿ ಇದೇ ಯೋಚನೆಯಲ್ಲಿ ಓದಲು ಆಗುತ್ತಿಲ್ಲ.
– ಇಂಡಿ ತಾಲೂಕಿನಿಂದ

ಉತ್ತರ: ಅಜ್ಜಾರ, ನಿಮ್ಮ ಅಕ್ಷರ ಇನ್ನೂ ಎಷ್ಟ್ ದುಂಡಗ ಅದಾವ್ರಿ.

ನಿಮ್ಮ ಜಿಲ್ಲಾದಾಗ ಫ.ಗು. ಹಳಕಟ್ಟಿಯವರು ಊರೂರು ತಿರುಗಿ, ಮನಿ ಅಟ್ಟದ ಮ್ಯಾಲಿನ ತಾಡೋಲೆ ಕಟ್ಟು ಕೇಳಿ ತಂದು ವಚನಾ ಉಳಿಸಿದ್ರು, ಛಾಪಖಾನಿ ಸಲುವಾಗಿ ಇದ್ದ ಮನೀನ ಮಾರಿದ್ರು. ಇದು ನಿಮಗ ನಾ ಹೇಳೂ ಪಾಠ ಅಲ್ಲ, ನೀವ ಮಕ್ಕಳಿಗೆ ಹೇಳಿರತೀರಿ. ಆದ್ರ ಎಲ್ಲಾ ಅಟ್ಟಕ್ಕೂ ಒಬ್ಬ ಹಳಕಟ್ಟಿ ಬರೂದಿಲ್ರಿ. ಅದಕ ನೀವ ಇಳಿಸಿ ಕೊಡಬೇಕು, ಈಗ, ನಿಮ್ಮ ಕೈಯಿಂದ. ಒಂಬತ್ತು ನೂರು ಒಮ್ಮಿಗೇ ಬ್ಯಾಡ. ಗ್ರಾಮ ಪಂಚಾಯ್ತಿ ಲೈಬ್ರರಿಗೆ ಈಗ ಅರಿವು ಕೇಂದ್ರ ಅಂತಾರ, ಅಲ್ಲಿ ಹೋಗಿ ಯಾರ್ ಬರ್ತಾರ, ಏನ್ ಓದ್ತಾರ ಅಂತ ಒಂದ್ ವಾರ ಕುಂತು ನೋಡ್ರಿ, ಪೀಟ್ಯಾನ ಹೊರಗ ಕಟ್ಟಿ ಮ್ಯಾಲ ಕುಂದ್ರಸಿ. ಸ್ಪರ್ಧಾತ್ಮಕ ಪರೀಕ್ಷಾ ಬರಿಯೂ ಹುಡುಗ್ರು ಜಾಸ್ತಿ ಇರತಾರ, ಅವರಿಗೆ ನಿಮ್ಮ ಇತಿಹಾಸದ ಪುಸ್ತಕ ಬೇಕಾಗ್ತಾವ. ಮಕ್ಕಳ ಪುಸ್ತಕ ಸಾಲಿಗೆ. ಉಳಿದದ್ದು ಕೇಳಿದವರಿಗೆ ಒಂದೊಂದ, ಹೆಸರು ಬರದು. ಗಂಟು ಕಟ್ಟಿ ಒಮ್ಮೆ ಒಗದ ಪುಸ್ತಕ ಲೈಬ್ರರಿ ಮೂಲ್ಯಾಗೂ ರದ್ದಿನ ಆಗತಾವ, ಅದನ್ನ ನಾ ಕಣ್ಣಾರೆ ಕಂಡೀನಿ.

ಪೀಟ್ಯಾಂದು ಮಗನ ಕೂಡ ಜಗಳಾಡಿ ಬಗೆಹರಿಯೂದಿಲ್ಲ. ಓಣ್ಯಾಗ ಪೀಟ್ಯಾ ಯಾರನ್ನ ಕಂಡ್ರ ಎದ್ದು ನಿಂದರತಾನ ನೋಡ್ರಿ, ಒಬ್ಬಾಂವ ಇದ್ದ ಇರತಾನ, ಹಾಲಿನ ಹುಡುಗೋ, ಬಾಜೂ ಮನಿ ಹೆಣ್ಮಗಳೋ. ಈಗಿಂದ ವಾರಕ್ಕ ಎರಡು ದಿನಾ ಅವರ ಮನ್ಯಾಗ ಊಟಾ ಹಾಕಸ್ರಿ. ಒಂದು ನೋಟ್‌ಬುಕ್ ತಗೋರಿ. ಯಾವ ಹೊತ್ತಿಗೆ ಉಣತಾನ, ಲಸಿಕಿ ಯಾವಾಗ ಹಾಕಿಸೀರಿ, ಗುಡುಗಿದ್ರ ಎಲ್ಲಿ ಅಡಗತಾನ, ಏನ್ ಅಂದ್ರ ಬಾಲಾ ಆಡಸತಾನ ಎಲ್ಲಾ ಬರೀರಿ, ನಿಮ್ಮ ದುಂಡನ ಅಕ್ಷರದಾಗ. ಮಗಗ ಹೇಳ್ರಿ, ಜಾಗಾ ಕೊಡಾಕ ಆಗಲಿಲ್ಲಾಂದ್ರ ತಿಂಗಳಿಗೆ ಪೀಟ್ಯಾನ ಖರ್ಚು ಕೊಡು ಅಂತ. ಒಳ್ಳೇಂವ ಅಂದೀರಲ್ಲ, ಕೊಡ್ತಾನ.

ಪುಸ್ತಕಾ ಕೊಡ್ಕೋಂತ ಹೋದಂಗ ಒಂದ್ ಹತ್ತಿಪ್ಪತ್ತು ಕೈ ಬಿಟ್ಟು ಹೋಗೂದಿಲ್ಲ, ಅವನ್ನ ಕೊಡಬ್ಯಾಡ್ರಿ, ತಲಿದಿಂಬಿನ ಹಂತ್ಯಾಕ ಇಟ್ಕೋರಿ. ಯಾವ್ಯಾವ ಉಳದಾವ ಅಂತ ನನಗ ಒಂದ್ ಕಾರ್ಡ್ ಹಾಕ್ರಿ. ಪೀಟ್ಯಾ ಯಾವ ಬಣ್ಣದಾಂವ ಅಂತಾನೂ ಬರೀರಿ, ಈ ಪತ್ರದಾಗ ಅದನ್ನ ಮರತೀರಿ.